ಗಣಿತಜ್ಞ ಜೋಸೆಫ್ ಫೋರಿಯರ್

1902ರಲ್ಲಿ ಶಿವನಸಮುದ್ರದಿಂದ ಹೊರಟ ವಿದ್ಯುತ್ತು ಸುಮಾರು ತೊಂಬತ್ತು ಮೈಲಿ ತಂತಿಯಲ್ಲಿ ಹರಿದು ನಮ್ಮ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಇಂದು ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಮನೆಗಳಲ್ಲಿ ದೀಪವೇನು, ಮಿಕ್ಸಿಯೇನು, ನೀರೆತ್ತುವ ಮೋಟಾರೇನು, ಎಲ್ಲಕ್ಕೂ ಅದೇ ಶಕ್ತಿ. ಆದರೆ ತಿಂಗಳ ಬಿಲ್ಲು ಒಟ್ಟು ಯೂನಿಟ್ಟುಗಳನ್ನು ಮಾತ್ರ ತಿಳಿಸುತ್ತದೆ. ಅದರಲ್ಲಿ ಯಾವ ಯಂತ್ರದ ಪಾಲು ಎಷ್ಟೆಂಬುದನ್ನು ಹೇಳದು. ಒಂದೊಂದಕ್ಕೂ ಬೇರೆ ಮೀಟರನ್ನು ಕಟ್ಟದೆ, ಒಟ್ಟು ಪ್ರವಾಹವನ್ನೇ ಪರೀಕ್ಷಿಸಿ ಬಿಡಿ ಲೆಕ್ಕವನ್ನು ತೆಗೆಯುವ ವಿದ್ಯೆಯನ್ನು 1980ರ ದಶಕದಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಜಾರ್ಜ್ ಹಾರ್ಟ್ ಎಂಬಾತ ರೂಪಿಸಿದನು. ಈ ವಿದ್ಯೆಗೆ ಒದಗಿಬಂದ ಗಣಿತವೊಂದನ್ನು ಅದಕ್ಕೂ ಬಹು ಹಿಂದೆಯೇ ಲೋಕಕ್ಕೆ ಕೊಟ್ಟವನು ಜೋಸೆಫ್ ಫೋರಿಯರ್.

ಫೋರಿಯರನು 1768ನೆಯ ಮಾರ್ಚ್ 21ರಂದು ಫ್ರಾನ್ಸಿನ ಓಸೇರ್ ಎಂಬ ಊರಿನಲ್ಲಿ ದರ್ಜಿಯೊಬ್ಬನ ಮಗನಾಗಿ ಜನಿಸಿದನು. ಹತ್ತು ವರ್ಷದ ಸುಮಾರಿಗೇ ತಾಯಿತಂದೆಗಳನ್ನು ಕಳೆದುಕೊಂಡು ತಬ್ಬಲಿಯಾದನು. ಕ್ರೈಸ್ತ ಸಂನ್ಯಾಸಿಗಳು ನಡೆಸುತ್ತಿದ್ದ ಸೈನಿಕ ಶಾಲೆಯಲ್ಲಿ ಅವನಿಗೆ ಗಣಿತದ ರುಚಿ ಹತ್ತಿತು. ಉರಿದುಳಿದ ಮೇಣದಬತ್ತಿಯ ತುಂಡುಗಳನ್ನು ಕೂಡಿಟ್ಟು ರಾತ್ರಿಯೆಲ್ಲ ಓದುತ್ತಿದ್ದನೆಂದು ಹೇಳುತ್ತಾರೆ. ಫಿರಂಗಿ ದಳವನ್ನು ಸೇರಬೇಕೆಂದು ಆಸೆಪಟ್ಟನು; ಕುಲೀನ ಮನೆತನದವನಲ್ಲವೆಂದು ಆ ಬಾಗಿಲು ಮುಚ್ಚಿತು.

ಫ್ರಾನ್ಸಿನ ಮಹಾಕ್ರಾಂತಿಯಲ್ಲಿ ಅವನೂ ಪಾಲುಗೊಂಡನು. 1794ರಲ್ಲಿ ಸೆರೆಗೆ ಬಿದ್ದು ತಲೆದಂಡದ ಭೀತಿಯನ್ನು ಎದುರಿಸಿದನು. ರೋಬೆಸ್ಪಿಯರನ ಪತನದಿಂದ ಬದುಕಿಕೊಂಡನು. ಮುಂದೆ ಪ್ಯಾರಿಸಿನಲ್ಲಿ ಅಧ್ಯಾಪಕನಾಗಿ, 1798ರಲ್ಲಿ ನೆಪೋಲಿಯನ್ನನ ಜೊತೆ ಈಜಿಪ್ಟಿಗೆ ಹೋಗಿ, ಹಿಂತಿರುಗಿದ ಮೇಲೆ 1802ರಲ್ಲಿ ಗ್ರೆನೋಬಲ್ ಪ್ರಾಂತದ ಆಡಳಿತಾಧಿಕಾರಿಯಾದನು. ಜೌಗುಭೂಮಿಯ ನೀರನ್ನು ಬಸಿದು ಸಾಗುವಳಿಗೆ ತರುವ ಕೆಲಸದ ನಡುವೆಯೇ ಶಾಖದ ಹರಿವನ್ನು ಕುರಿತು ಚಿಂತಿಸುತ್ತಿದ್ದನು.

1807ರಲ್ಲಿ ಅವನು ಮಂಡಿಸಿದ ವಿಚಾರವಿದು: ಮತ್ತೆಮತ್ತೆ ಮರಳುವ ಅಲೆಯು ಎಷ್ಟೇ ಸಿಕ್ಕಾಗಿದ್ದರೂ ಅದು ಹಲವು ಸರಳ ಅಲೆಗಳ ಮೊತ್ತ, ಆ ಒಂದೊಂದನ್ನೂ ಲೆಕ್ಕದಿಂದ ಬಿಡಿಸಬಹುದು. ಜಾತ್ರೆಯಲ್ಲಿ ತಮಟೆ, ಡೋಲು, ನಾದಸ್ವರಗಳು ಕೂಡಿ ಕಿವಿಗೆ ಬೀಳುತ್ತವೆ. ಆದರೂ ನಮ್ಮ ಕಿವಿ ಅವನ್ನು ಬೇರೆಬೇರೆಯಾಗಿ ಗುರುತಿಸುತ್ತದೆಯಲ್ಲವೆ? ಕಿವಿಯ ಈ ಕೆಲಸಕ್ಕೆ ಅವನು ಗಣಿತವನ್ನು ಕೊಟ್ಟನೆನ್ನಬಹುದು.

ಗುರುಸ್ಥಾನದಲ್ಲಿದ್ದ ಲಗ್ರಾಂಜನೇ ಇದನ್ನು ಒಪ್ಪಲಿಲ್ಲ. 1812ರಲ್ಲಿ ಬಹುಮಾನ ಬಂದಾಗಲೂ ಸಾಧನೆ ಬಿಗಿಯಾಗಿಲ್ಲವೆಂಬ ಆಕ್ಷೇಪ ಅದರ ಜೊತೆಗೇ ಬಂತು. ಆಕ್ಷೇಪದಲ್ಲಿ ಹುರುಳಿಲ್ಲದಿರಲಿಲ್ಲ. ಆದರೂ ಎದೆಗುಂದದೆ ಫೋರಿಯರನು 1822ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ಎಂತಹ ಅಲೆಗಳಿಗೆ ಈ ಮಾತು ಸಲ್ಲುತ್ತದೆಂಬುದನ್ನು ಡಿರಿಕ್ಲೆ 1829ರಲ್ಲಿ ಬಿಗಿಯಾಗಿ ಸಾಧಿಸಿದನು. ಮರುವರ್ಷ, 1830ನೆಯ ಮೇ 16ರಂದು, ಫೋರಿಯರನು ಪ್ಯಾರಿಸಿನಲ್ಲಿ ಕಾಲವಾದನು. ವಿದ್ಯುಜ್ಜನಕ ಯಂತ್ರಗಳಿಗೆ ಮೂಲವಾದ ತತ್ತ್ವವನ್ನು ಫ್ಯಾರಡೆ ಕಂಡುಹಿಡಿದದ್ದು 1831ರಲ್ಲಿ. ಅದನ್ನು ಕಾಣುವ ಭಾಗ್ಯ ಫೋರಿಯರನಿಗಿರಲಿಲ್ಲ.

ನೀರು ಕಾಯಿಸುವ ಹೀಟರು ಎಳೆಯುವ ಪ್ರವಾಹ ಬಹುಮಟ್ಟಿಗೆ ಒಂದೇ ಸರಳ ಅಲೆ. ಟೆಲಿವಿಷನ್, ಕಂಪ್ಯೂಟರುಗಳ ಪ್ರವಾಹದಲ್ಲಿ ಸಣ್ಣ ಅಲೆಗಳು ಹಲವು ಬೆರೆತಿರುತ್ತವೆ. ಹಾರ್ಟನು ಮುಖ್ಯವಾಗಿ ಗಮನಿಸಿದ್ದು ಯಂತ್ರ ಹೊತ್ತಿದಾಗ, ಆರಿದಾಗ ಒಟ್ಟು ಬಳಕೆಯಲ್ಲಾಗುವ ಏರಿಳಿತವನ್ನು. ಅನಂತರದವರು ಅದರೊಡನೆ ಫೋರಿಯರನ ಗಣಿತವನ್ನೂ ಹೂಡಿ ಅಲೆಗಳ ಗುರುತಿನಿಂದ ಯಂತ್ರಗಳನ್ನು ಪತ್ತೆಹಚ್ಚುತ್ತಾರೆ. ಒಂದೇ ಬಗೆಯ ಎರಡು ದೀಪಗಳನ್ನು ಬೇರ್ಪಡಿಸುವುದು ಮಾತ್ರ ಇಂದಿಗೂ ಕಷ್ಟವೇ.

ಕುಲವನ್ನು ನೋಡಿ ಬಾಗಿಲು ಮುಚ್ಚಿದವರ ಹೆಸರನ್ನು ಇಂದು ಕೇಳುವವರಿಲ್ಲ. ದರ್ಜಿಯ ಮಗನ ಹೆಸರಾದರೋ ನಮ್ಮ ಗಣಿತದ ತರಗತಿಗಳಲ್ಲಿ ದಿನವೂ ಕೇಳಿಬರುತ್ತಿದೆ.