ಗಣಿತಸಾರಸಂಗ್ರಹಕಾರ ಶ್ರೀ ಮಹಾವೀರಾಚಾರ್ಯರು

ಬಸವಕಲ್ಯಾಣ, ಹುಮನಾಬಾದ್ ಪ್ರಾಂತದ ಶ್ರಾವಕ ಗೃಹಗಳಲ್ಲಿ ಅಷ್ಟಮಿ, ಚತುರ್ದಶಿಗಳ ಪ್ರೋಷಧೋಪವಾಸವನ್ನು ಪಂಚಾಂಗ ನೋಡಿಯೇ ನಿಶ್ಚಯಿಸುವರು. ಚಂದ್ರನು ಸೂರ್ಯನಿಂದ 12 ಅಂಶ ಮುಂದೆ ಸರಿದರೆ ಒಂದು ತಿಥಿ. ಹೀಗೆ ವ್ರತಾಚರಣೆಗೆ ಆಕಾಶದ ಲೆಕ್ಕವೇ ಆಧಾರ. ಈ ಲೆಕ್ಕದ ಶಾಸ್ತ್ರಕ್ಕೆ ಕನ್ನಡ ನಾಡಿನಲ್ಲಿ ಗೌರವ ತಂದ ದಿಗಂಬರಾಚಾರ್ಯರು ದೂರದವರಲ್ಲ. ಹುಮನಾಬಾದಿನಿಂದ ಕಲಬುರಗಿಯ ಮಾರ್ಗವಾಗಿ ಸುಮಾರು 100 ಕಿ.ಮೀ. ಹೋದರೆ ಕಾಗಿಣಾ ನದಿಯ ತೀರದಲ್ಲಿ ಮಳಖೇಡವು ದೊರೆಯುತ್ತದೆ. ಕಲ್ಯಾಣವು ಚಾಲುಕ್ಯರ ರಾಜಧಾನಿಯಾಗುವುದಕ್ಕೆ ಮುನ್ನ ಇದೇ ರಾಷ್ಟ್ರಕೂಟರ ಮಾನ್ಯಖೇಟ.

ಕ್ರಿ.ಶ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಆಶ್ರಯಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ಸಂಸ್ಕೃತದಲ್ಲಿ ರಚಿಸಿದರು. ತಮ್ಮ ಹುಟ್ಟೂರು, ಕುಲಗಳನ್ನು ಹೇಳಿಕೊಳ್ಳದ ಆಚಾರ್ಯರು ಸ್ಯಾದ್ವಾದವನ್ನು ನಂಬಿದ ಅರಸನನ್ನು ಮಾತ್ರ ಮನಸಾರೆ ಸ್ತುತಿಸಿದ್ದಾರೆ. ನೆಲವೂ ಹದವಾಗಿತ್ತು. 816ರಲ್ಲಿ ಪೂರ್ಣಗೊಂಡ ಧವಲಾ ಟೀಕೆಯಲ್ಲಿ ವೀರಸೇನಾಚಾರ್ಯರು, ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಿಸಬಹುದೆಂಬ ಅರ್ಧಚ್ಛೇದದ ಲೆಕ್ಕವನ್ನು ಬಳಸಿದ್ದರು.

ಆರ್ಯಭಟ, ಬ್ರಹ್ಮಗುಪ್ತರು ಖಗೋಳ ಗ್ರಂಥಗಳೊಳಗೆ ಗಣಿತವನ್ನು ಸೇರಿಸಿದ್ದರು. ಆಚಾರ್ಯರಾದರೋ ಗಣಿತಕ್ಕೆಂದೇ ಸ್ವತಂತ್ರ ಗ್ರಂಥವನ್ನು ಬರೆದರು. ಆದರೂ ಸೂರ್ಯನ ಗತಿ, ಗ್ರಹಣ, ಗ್ರಹಗಳ ಕೂಟ, ದ್ವೀಪ ಸಾಗರಗಳ ಅಳತೆ ಇವೆಲ್ಲಕ್ಕೂ ಗಣಿತವೇ ಬೇಕೆಂದು ಆರಂಭದಲ್ಲಿಯೇ ಸಾರಿದರು, ಪಾಕಶಾಸ್ತ್ರವನ್ನೂ ಬಿಡಲಿಲ್ಲ! 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3 ಚಂದ್ರನ ನೆಲದ ಮೇಲೆ ಇಳಿಯಿತು. ಅಂದು ಶ್ರಾವಣ ಶುದ್ಧ ಸಪ್ತಮಿ, ಭಗವಾನ್ ಪಾರ್ಶ್ವನಾಥರ ನಿರ್ವಾಣದ ಮುಕುಟಸಪ್ತಮಿ. ಉಪವಾಸದ ಮನೆಗಳಿಗೆ ತಿಥಿಯನ್ನು ತಿಳಿಸಿದ್ದೂ ಬೆಂಗಳೂರಿನ ವಿಜ್ಞಾನಿಗಳು ನೌಕೆಯನ್ನು ನಡೆಸಿದ್ದೂ ಅದೇ ಚಂದ್ರನ ಗತಿಯನ್ನು ಎಣಿಸಿಯೇ.

ವ್ರತಿಗಳಿಗೆ ರುಚಿಸುವ ಲೆಕ್ಕವೊಂದು ಗ್ರಂಥದಲ್ಲಿದೆ. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂಬ ಆರು ರಸಗಳನ್ನು ಎಷ್ಟು ಬಗೆಯಾಗಿ ಕೂಡಿಸಬಹುದು? ಒಂದೊಂದಾಗಿ 6, ಎರಡೆರಡಾಗಿ 15, ಮೂರು ಮೂರಾಗಿ 20. ಆರನ್ನೂ ಕೂಡಿಸುವವರೆಗೆ ಒಟ್ಟು 63. ರಸಪರಿತ್ಯಾಗ ತಪದಲ್ಲಿ ಬಿಡುವ ರಸಗಳು ಬೇರೆ: ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು. ಲೆಕ್ಕ ಮಾತ್ರ ಒಂದೇ. ದಿನಕ್ಕೆ ಎರಡು ರಸಗಳಂತೆ ಬಿಡುವ ಶ್ರಾವಿಕೆಯು 15 ದಿನ ಒಮ್ಮೆ ಬಿಟ್ಟ ಜೋಡಿಯನ್ನು ಮತ್ತೆ ಬಿಡದೆ ನಿಯಮವನ್ನು ನಡೆಸಬಹುದು. ಈ ಎಣಿಕೆಗೆ ಸಾಮಾನ್ಯ ಸೂತ್ರವನ್ನೇ ಆಚಾರ್ಯರು ಕೊಟ್ಟಿದ್ದಾರೆ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದೂ ತಿಳಿಸಿದ್ದಾರೆ.

ಒಂದು ಕಡೆ ಆಚಾರ್ಯರು ತಪ್ಪಿದ್ದೂ ಉಂಟು. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುವುದೆಂದು ಬರೆದರು. 12ನೆಯ ಶತಮಾನದ ಭಾಸ್ಕರಾಚಾರ್ಯರು ಅದನ್ನು ಖಹರವೆಂದು ಕರೆದು ಅನಂತವೆಂದು ಎಣಿಸಿದರು. ಇಂದಿನ ಗಣಿತವು ಆ ಭಾಗಾಕಾರಕ್ಕೆ ಅರ್ಥವೇ ಇಲ್ಲವೆನ್ನುತ್ತದೆ. ಅಭಿಮಾನಕ್ಕಾಗಿ ಇದನ್ನು ಮರೆಮಾಚುವವರಿದ್ದಾರೆ. ಅದು ಸಮ್ಯಗ್ಜ್ಞಾನವನ್ನು ಪೂಜಿಸುವವರಿಗೆ ಒಪ್ಪುವ ಭಕ್ತಿಯಲ್ಲ.

11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಮದರಾಸಿನಲ್ಲಿ ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಅಚ್ಚಾಯಿತು. ಕನ್ನಡ ಅನುವಾದವುಳ್ಳ ಆವೃತ್ತಿಯು 2000ದಲ್ಲಿ ಹೊಂಬುಜದಿಂದ ಹೊರಬಂದಿತು.