282 ಅಂಕಗಳ ಬ್ಯಾರಿಸ್ಟರು

750ಕ್ಕೆ 282. ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನ ವಿದ್ಯಾರ್ಥಿ ಭೀಮರಾವ್ ರಾಮಜಿ ಅಂಬೇಡ್ಕರರು 1907ರ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಪಡೆದ ಅಂಕಗಳು ಇಷ್ಟೆ. ನೂರಕ್ಕೆ 38ನ್ನೂ ಮುಟ್ಟದ ಈ ಮೊತ್ತವನ್ನು ಅವರ ಚರಿತ್ರೆ ಹೇಳುವವರು ಮೆಲ್ಲನೆ ದಾಟಿಬಿಡುವುದುಂಟು. ಇಪ್ಪತ್ತು ವರ್ಷಗಳಿಂದ ಉತ್ತರಪತ್ರಿಕೆಗಳನ್ನು ತಿದ್ದುತ್ತಿರುವ ನನಗೆ ಹಾಗೆ ದಾಟಿಹೋಗಲು ಮನಸ್ಸು ಬಾರದು. ಈ ಅಂಕಗಳನ್ನು ಹಿಡಿದುಕೊಂಡು ಹೊರಟವರು ಮುಂದೆ ಲಂಡನ್ನಿನ ಕಾನೂನು ವಿದ್ಯಾಸಂಸ್ಥೆಯ ಬಾಗಿಲನ್ನು ತಟ್ಟಿದರಲ್ಲವೆ?

ಅಂಕ ಕಡಮೆಯಾದದ್ದೇ ಒಂದು ಹಿರಿಮೆಯೆಂದು ನಾನು ಹೇಳಹೊರಟಿಲ್ಲ. ಅದು ಸುಳ್ಳು ಸಮಾಧಾನ. ಆದರೆ ಆ ಅಂಕಗಳ ಹಿಂದೆ ಏನಿತ್ತೆಂಬುದನ್ನು ನೋಡಬೇಕು. ಸಾತಾರದ ಶಾಲೆಯಲ್ಲಿ ಮಹಾರ್ ಕುಲದ ಈ ಬಾಲಕ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕುಳಿತಿರಬೇಕಾಗಿತ್ತು. ಬಾಯಾರಿದರೆ ಜವಾನನೇ ಬಂದು ಎತ್ತರದಿಂದ ನೀರು ಹೊಯ್ಯಬೇಕು. ಅವನಿಲ್ಲದ ದಿನ ನೀರೂ ಇಲ್ಲ. ಮುಂಬಯಿಯ ಸರಕಾರಿ ಹೈಸ್ಕೂಲಿಗೆ ಬಂದ ಮೇಲೂ ಅವಮಾನ ತಪ್ಪಲಿಲ್ಲ. ಒಮ್ಮೆ ಉಪಾಧ್ಯಾಯರು ಲೆಕ್ಕ ಬಿಡಿಸಲು ಕರೆದಾಗ, ಕಪ್ಪು ಹಲಗೆಯ ಹಿಂದೆ ಬುತ್ತಿ ಇಟ್ಟಿದ್ದ ಹುಡುಗರೆಲ್ಲ ಗದ್ದಲವೆಬ್ಬಿಸಿ ಓಡಿಹೋಗಿ, ಇವರು ಹಲಗೆಯನ್ನು ಮುಟ್ಟುವ ಮೊದಲೇ ತಮ್ಮ ತಮ್ಮ ಡಬ್ಬಿಗಳನ್ನು ಸರಿಸಿಕೊಂಡರಂತೆ. ಸಂಸ್ಕೃತ ಕಲಿಯುವ ಆಸೆಯಿತ್ತು. ಅದು ನಿಷಿದ್ಧವಾಗಲು ಪಾರ್ಸಿ ಭಾಷೆಯನ್ನು ತೆಗೆದುಕೊಂಡರು. ಮನೆಯೆಂದರೆ ಪರಳದ ಚಾಳಿನಲ್ಲಿ ಒಂದು ಕೋಣೆ. ಸೈನ್ಯದಲ್ಲಿ ಸುಬೇದಾರರಾಗಿದ್ದ ತಂದೆ ರಾಮಜಿಯವರು ಮನೆಯೆಲ್ಲ ಮಲಗಿರುವ ಹೊತ್ತಿನಲ್ಲಿ, ರಾತ್ರಿ 2 ಗಂಟೆಗೆ, ಮಗನನ್ನು ಓದಲು ಎಬ್ಬಿಸುತ್ತಿದ್ದರು.

ಮಗ ತೇರ್ಗಡೆಯಾದಾಗ ಜನ ಸಭೆ ಸೇರಿಸಿ ಸನ್ಮಾನಿಸಿದರು. ಕೃಷ್ಣಾಜಿ ಕೇಳುಸ್ಕರರು ತಾವು ಬರೆದ ಬುದ್ಧಚರಿತ್ರೆಯನ್ನು ಬಹುಮಾನವಾಗಿ ಕೊಟ್ಟುದು ಆ ಸಂದರ್ಭದಲ್ಲಿಯೇ. ಬರೋಡೆಯ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ 25 ರೂಪಾಯಿ ವೇತನವಿತ್ತರು. ಬಿ.ಎ. ಮುಗಿಯಿತು. 1913ರಲ್ಲಿ ಅದೇ ಅರಸರ ನೆರವಿನಿಂದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯವನ್ನು ಸೇರಿ, 1915ರಲ್ಲಿ ಎಂ.ಎ. ಪದವಿ ಪಡೆದರು.

1916ರಲ್ಲಿ ಲಂಡನ್ನಿಗೆ ಬಂದು ಅರ್ಥಶಾಸ್ತ್ರದ ಶಾಲೆಯ ಜೊತೆಗೆ ಗ್ರೇಸ್ ಇನ್ ಎಂಬ ನ್ಯಾಯವಾದಿಗಳ ಸಂಸ್ಥೆಯನ್ನೂ ಸೇರಿದರು. ಆಗ ಇಲ್ಲಿ ಒಂದು ವಿಚಿತ್ರ ನಿಯಮವಿತ್ತು. ಬ್ಯಾರಿಸ್ಟರಾಗಲು ಪರೀಕ್ಷೆಗಳಲ್ಲಿ ಗೆದ್ದರೆ ಸಾಲುತ್ತಿರಲಿಲ್ಲ. ಪ್ರತಿ ಟರ್ಮಿನಲ್ಲಿಯೂ ಗೊತ್ತಾದಷ್ಟು ದಿನ ಸಂಸ್ಥೆಯ ಭೋಜನಶಾಲೆಯಲ್ಲಿ ಇತರ ಸದಸ್ಯರೊಡನೆ ಒಂದೇ ಮೇಜಿನಲ್ಲಿ ಕುಳಿತು ಊಟ ಮಾಡಿರಬೇಕಾಗಿತ್ತು. ಊಟ ತಪ್ಪಿದರೆ ಟರ್ಮು ತಪ್ಪುತ್ತಿತ್ತು. ಇಂಗ್ಲಿಷರಿಗೆ ಇದೊಂದು ಹಳೆಯ ಮರ್ಯಾದೆ, ಎಷ್ಟೋ ಜನಕ್ಕೆ ಬೇಸರದ ಕೆಲಸ. ತಮ್ಮ ನೆರಳು ಬಿದ್ದೀತೆಂದು ಸಹಪಾಠಿಗಳು ಬುತ್ತಿಯನ್ನು ಸರಿಸಿಕೊಂಡುದನ್ನು ಕಂಡವರಿಗೆ ಸಹಪಂಕ್ತಿಯೇ ಯೋಗ್ಯತೆಯ ಷರತ್ತಾಗಿ ಬಂದಿತು! ಈ ಸಂಗತಿಯನ್ನು ನೆನೆದಾಗಲೆಲ್ಲ ನಾನು ಪುಸ್ತಕವನ್ನು ಮುಚ್ಚಿ ಕ್ಷಣಕಾಲ ಸುಮ್ಮನಾಗುತ್ತೇನೆ.

ಆದರೆ ವಿದ್ಯಾರ್ಥಿವೇತನದ ಅವಧಿ ತೀರಿ 1917ರಲ್ಲಿ ನಡುವೆಯೇ ಹಿಂದಿರುಗಬೇಕಾಯಿತು. ಕರಾರಿನಂತೆ ಬರೋಡೆಯ ಸೇವೆಗೆ ಹೋದರೆ, ಕಚೇರಿಯ ಜವಾನರು ಕಾಗದಪತ್ರಗಳನ್ನು ದೂರದಿಂದ ಎಸೆದರು. ಇರಲು ಮನೆ ಸಿಕ್ಕಲಿಲ್ಲ. ಪಾರ್ಸಿಯವರ ವಸತಿಗೃಹದಲ್ಲಿ ಹೆಸರು ಮರೆಸಿಕೊಂಡಿದ್ದು, ಅಲ್ಲಿಂದಲೂ ಬಡಿಗೆ ಹಿಡಿದು ಬಂದವರ ಬೆದರಿಕೆಗೆ ಹೊರಬಿದ್ದರು. ಲಂಡನ್ನಿನ ಮೇಜನ್ನು ಕಂಡು ಬಂದ ಕೆಲವೇ ತಿಂಗಳಲ್ಲಿ ಇದು. ಬಳಿಕ ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಅಧ್ಯಾಪಕರಾಗಿ ಹಣ ಕೂಡಿಸಿ, ಕೊಲ್ಹಾಪುರದ ಶಾಹು ಮಹಾರಾಜರ ಸಹಾಯವನ್ನೂ ಸ್ನೇಹಿತ ನವಲ್ ಭಥೇನಾ ಅವರ ಸಾಲವನ್ನೂ ಪಡೆದು 1920ರಲ್ಲಿ ಮತ್ತೆ ಹಡಗು ಹತ್ತಿದರು. ಹಗಲೆಲ್ಲ ಗ್ರಂಥಾಲಯ, ರಾತ್ರಿ ಹಸಿವಾದರೆ ಪರಿಚಿತರು ಕೊಟ್ಟ ಹಪ್ಪಳ. 1922ರಲ್ಲಿ ಬ್ಯಾರಿಸ್ಟರಾದರು, 1923ರಲ್ಲಿ ಡಿ.ಎಸ್‌ಸಿ. ಪದವಿ ಬಂದಿತು. ಅದೇ ವರ್ಷ ಮುಂಬಯಿ ಹೈಕೋರ್ಟಿನಲ್ಲಿ ವಕೀಲಿ ಆರಂಭವಾಯಿತು. 1935ರಲ್ಲಿ ಅವರು ಅದೇ ನಗರದ ಸರಕಾರಿ ಕಾನೂನು ಕಾಲೇಜಿನ ಪ್ರಿನ್ಸಿಪಾಲರೂ ಆದರು.

ಅಂಕಗಳ ಪ್ರಶ್ನೆ ಅಷ್ಟಕ್ಕೇ ಅವರನ್ನು ಬಿಡಲಿಲ್ಲ. ಪರಿಶಿಷ್ಟ ಜಾತಿಗಳ ಸ್ಥಿತಿ ಇತರ ಅಲ್ಪಸಂಖ್ಯಾತರಿಗಿಂತಲೂ ಕಷ್ಟದ್ದೆಂದು 1947ರ ತಮ್ಮ ನಿವೇದನೆಯಲ್ಲಿ ಅವರು ವಾದಿಸಿದ್ದರು. 1951ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸ್ಥಾನಗಳನ್ನು ಸಮುದಾಯವಾರು ಹಂಚುತ್ತಿದ್ದ ಮದರಾಸು ಸರಕಾರದ ಆಜ್ಞೆಯನ್ನು ರದ್ದುಗೊಳಿಸಿತು. ಆಗ ಕೇಂದ್ರದ ಕಾನೂನು ಮಂತ್ರಿಗಳಾಗಿದ್ದ ಅಂಬೇಡ್ಕರರು ಆ ತೀರ್ಪು ತಮಗೆ ಒಪ್ಪಿಗೆಯಿಲ್ಲವೆಂದು ಸಂಸತ್ತಿನಲ್ಲಿ ಮುಚ್ಚುಮರೆಯಿಲ್ಲದೆ ನುಡಿದರು. ಜೂನ್ ತಿಂಗಳಿನಲ್ಲಿ ಸಂವಿಧಾನದ ಪ್ರಥಮ ತಿದ್ದುಪಡಿ ಜಾರಿಗೆ ಬಂದು, ಹಿಂದುಳಿದ ವರ್ಗಗಳಿಗೂ ಪರಿಶಿಷ್ಟರಿಗೂ ವಿಶೇಷ ಏರ್ಪಾಡು ಮಾಡುವ ಅಧಿಕಾರವನ್ನು ರಾಜ್ಯಕ್ಕೆ ಕೊಡುವ 4ನೆಯ ಉಪವಿಧಿ 15ನೆಯ ವಿಧಿಗೆ ಸೇರಿತು.