ಶಾಲಾ ತನಿಖಾಧಿಕಾರಿ ಮ್ಯಾಥ್ಯೂ ಆರ್ನಾಲ್ಡ್

ಮ್ಯಾಥ್ಯೂ ಆರ್ನಾಲ್ಡನನ್ನು ನಾವು ಆಂಗ್ಲ ಕವಿಯೆಂದೂ ವಿಮರ್ಶಕನೆಂದೂ ಬಲ್ಲೆವು. ಆತನ ಜೀವನೋಪಾಯದ ವೃತ್ತಿ ಶಾಲಾ ತನಿಖೆಯಾಗಿತ್ತೆಂಬುದನ್ನು ನಮ್ಮಲ್ಲಿ ಬಲ್ಲವರು ವಿರಳ.

ರಗ್ಬಿ ಶಾಲೆಯ ಪ್ರಖ್ಯಾತ ಮುಖ್ಯೋಪಾಧ್ಯಾಯನಾದ ಥಾಮಸ್ ಆರ್ನಾಲ್ಡನ ಮಗನೀತನು, ಜನನ 1822ರಲ್ಲಿ. ವಿವಾಹವಾದ 1851ರಲ್ಲಿಯೇ ಸರಕಾರದ ಶಾಲಾ ತನಿಖಾಧಿಕಾರಿಯಾಗಿ, 35 ವರ್ಷಗಳ ಕಾಲ ಊರೂರು ಸುತ್ತಿ ಬಡಮಕ್ಕಳ ಪಾಠಗಳನ್ನು ಪರೀಕ್ಷಿಸಿದನು.

1862ರಲ್ಲಿ ಶಿಕ್ಷಣದ ಹೊಣೆ ಹೊತ್ತಿದ್ದ ರಾಬರ್ಟ್ ಲೋ ಹೊಸ ನಿಯಮಾವಳಿಯನ್ನು ತಂದನು. ಪ್ರತಿ ಮಗುವಿನ ಹಾಜರಿಗೆ 4 ಷಿಲಿಂಗು. ಓದು, ಬರಹ, ಲೆಕ್ಕಗಳ ಪರೀಕ್ಷೆಗೆ 8 ಷಿಲಿಂಗು. ಒಂದು ವಿಷಯದಲ್ಲಿ ಮಗು ತಪ್ಪಿದರೆ 2 ಷಿಲಿಂಗು 8 ಪೆನ್ಸು ಕಡಿತ. ಶಾಲೆಯ ಅನುದಾನವೂ, ಎಷ್ಟೋ ಕಡೆ ಉಪಾಧ್ಯಾಯನ ಸಂಬಳವೂ ತನಿಖೆಯ ಆ ಒಂದು ದಿನವನ್ನು ನೆಚ್ಚಬೇಕಾಯಿತು. ಮಕ್ಕಳು ವಾಚನಪುಸ್ತಕವನ್ನೇ ಬಾಯಿಪಾಠ ಮಾಡಿ ಒಪ್ಪಿಸತೊಡಗಿದರು. ಚರಿತ್ರೆ ಭೂಗೋಳಗಳು ಮೂಲೆ ಸೇರಿದವು.

ಹುದ್ದೆಗೆ ಕುತ್ತು ಬಂದೀತೆಂದು ಅರಿತೂ ಆರ್ನಾಲ್ಡನು ಅದೇ ವರ್ಷ ಪತ್ರಿಕೆಯೊಂದರಲ್ಲಿ ಈ ಪದ್ಧತಿಯನ್ನು ಖಂಡಿಸಿದನು. ತನಿಖೆಯೇ ಬೇಡವೆಂದು ಆತನು ವಾದಿಸಲಿಲ್ಲ. ಶಾಲೆಯ ಒಟ್ಟು ಬಾಳನ್ನು ಕಂಡು ಬೆಲೆ ಕಟ್ಟಬೇಕೆಂಬುದು ಆತನ ಆಗ್ರಹವಾಗಿತ್ತು. ಮುಂದಿನ ವರದಿಗಳಲ್ಲಿಯೂ ಆ ಮಾತನ್ನು ಬಿಡಲಿಲ್ಲ. ಆದರೂ ನಿಯಮಕ್ಕೆ ತಲೆಬಾಗಿ ತಾನೇ ಆ ಪರೀಕ್ಷೆಗಳನ್ನು ನಡೆಸಬೇಕಾಗಿ ಬಂದುದು ಆತನ ಬಾಳಿನ ವ್ಯಂಗ್ಯ.

1886ರಲ್ಲಿ ನಿವೃತ್ತನಾಗಿ, 1888ರ ಏಪ್ರಿಲಿನಲ್ಲಿ ಲಿವರ್‌ಪೂಲಿನಲ್ಲಿ ಆತನು ಕಾಲವಾದನು. ಆ ಪದ್ಧತಿಯು 1890ರಿಂದ ಹಂತಹಂತವಾಗಿ ಕೊನೆಗೊಂಡಿತು. ಅದನ್ನು ಕಾಣಲು ಆತನಿರಲಿಲ್ಲ.

ಅಂಕಪಟ್ಟಿಯೊಂದರಿಂದಲೇ ಗುರುವನ್ನು ಅಳೆಯಹೊರಡುವಾಗ ನಾವು ಈ ತನಿಖಾಧಿಕಾರಿಯನ್ನು ನೆನೆಯುವುದೊಳಿತು. ನಮ್ಮ ಪಾಸು ನಪಾಸುಗಳಿಗಿಂತ ಹಿರಿದಾದುದನ್ನು ಗುರುಗಳು ನಮಗೆ ಕೊಟ್ಟಿರುತ್ತಾರೆ.